ಅವ್ವನ ಪಾಲಿನ ಮಣ್ಣು

ಅವ್ವನ ಚಿತಾಭಸ್ಮದ ಡಬ್ಬವನ್ನು ಪುಳಿಯೋಗರೆ ಪುಡಿಯ ಪೊಟ್ಟಣಗಳ ಪಕ್ಕ ಇಟ್ಟಿದ್ದನ್ನು ಕಂಡಾಗಲೇ ಮೈತ್ರೇಯಿಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಅದು ಹೊರಡುವ ಗಡಿಬಿಡಿ. ಬಾಡಿಗೆಗೆ ತಂದ, ಒಳಗೇ ಮಲಗಿ ಅಡುಗೆ ಮಾಡಬಹುದಾದ ಮೋಟರ್‌ಹೋಮ್ ಸ್ಟಾಕ್‌ಪೋರ್ಟಿನ ಆ ಸಣ್ಣ ರಸ್ತೆಯ ಅರ್ಧವನ್ನು ನುಂಗಿಕೊಂಡು ನಿಂತಿತ್ತು. ಎದುರು ಮನೆಯವರು ಪರದೆ ಸರಿಸಿ ನೋಡುತ್ತಿದ್ದರು. ಒಂಬತ್ತು ವರ್ಷದ ಮಗಳು ಶ್ರಾವ್ಯ, ಡ್ರೈವರನ ತಲೆಯ ಮೇಲಿನ ಹಾಸಿಗೆ ತನ್ನದೇ ಎಂದು ಕೂಗಾಡುತ್ತಿದ್ದಳು. ಹಾಗಾಗಿ ಮೈತ್ರೇಯಿ ಸಿಟ್ಟನ್ನು ನುಂಗಿಕೊಂಡಳು.

"ಬೇರೆ ಎಲ್ಲೂ ಜಾಗ ಸಿಗಲಿಲ್ವಾ ನಿಂಗೆ?" ಎಂದಷ್ಟೇ ಗಂಡನನ್ನು ಕೇಳಿದಳು.

"ಆ ಕಪಾಟಿಗೆ ಮಾತ್ರ ಲಾಕ್ ಗಟ್ಟಿ ಇದೆ ಮೈತ್ರಿ. ಬೇರೆ ಕಡೆ ಇಟ್ರೆ ಟರ್ನಿಂಗಲ್ಲಿ ಬೀಳುತ್ತೆ," ಎಂದ ಪ್ರಶಾಂತ್.

ಪ್ರಶಾಂತನ ಹತ್ತಿರ ಯಾವಾಗಲೂ ಸರಿಯಾದ ಉತ್ತರ ಇರುತ್ತದೆ. ಅದೇ ಅವನ ತೊಂದರೆ. ಮ್ಯಾಂಚೆಸ್ಟರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಹತ್ತು ಜನರ ಕೆಲಸವನ್ನು ಹೊಂದಿಸುವ ಈ ಮನುಷ್ಯ ಮನೆಯ ಸಾವು-ನೋವನ್ನೂ ಹಾಗೇ ಹೊಂದಿಸಿಬಿಡುತ್ತಾನೆ. ಈ ಪ್ರವಾಸವನ್ನೇ ನೋಡಿ. ಎರಡು ಸಾವಿರದ ಆರನೇ ಇಸವಿ, ಮೇ ಕೊನೆಯ ವಾರ, ಶ್ರಾವ್ಯಳಿಗೆ ಶಾಲೆಯ ಹಾಫ್ ಟರ್ಮ್ ರಜೆ, ಧಾರವಾಡದಿಂದ ಮಾವ, ಅಂದರೆ ಮೈತ್ರೇಯಿಯ ಅಪ್ಪ, ಬಂದಿದ್ದಾರೆ. ಶುಕ್ರವಾರ ಬೆಳಿಗ್ಗೆ ಹೊರಟು ದಾರಿಯಲ್ಲಿ ರೆಪ್ಟನ್ ಎಂಬ ಹಳ್ಳಿಯಲ್ಲಿ ಹಳೆಯ ಕಾಲದ ರಾಜರ ಸಮಾಧಿ ನೋಡುವುದು. ಮಧ್ಯಾಹ್ನ ಲೆಸ್ಟರ್ ಹತ್ತಿರ ಸೋರ್ ನದಿಯಲ್ಲಿ ದೋಣಿ ಹತ್ತಿ ಅತ್ತೆಯ ಅಸ್ಥಿ ಬಿಡುವುದು. ಪುರೋಹಿತರು ನೇರವಾಗಿ ದೋಣಿಯ ಹತ್ತಿರವೇ ಬರುತ್ತಾರೆ. ಶನಿವಾರ ಆಲ್ಟನ್ ಟವರ್ಸ್‌ನಲ್ಲಿ ಮಗಳಿಗೆ ರೋಲರ್ ಕೋಸ್ಟರ್. ಭಾನುವಾರ ವಾಪಸು.

"ಅವ್ವನ ಅಸ್ಥಿಗೂ ರೋಲರ್ ಕೋಸ್ಟರಿಗೂ ಒಂದೇ ಟ್ರಿಪ್ಪಾ?" ಎಂದು ಅವಳು ಮೊದಲ ದಿನವೇ ಕೇಳಿದ್ದಳು.

"ಮಾವನೂ ನಾಲ್ಕು ಊರು ನೋಡಿದ ಹಾಗಾಗುತ್ತಲ್ಲ," ಎಂದಿದ್ದ. ಇದಕ್ಕೂ ಎದುರಾಡುವಂತಿರಲಿಲ್ಲ.

ಮಾವ ಬಸವಲಿಂಗಪ್ಪನವರು ಈಗ ಮುಂದಿನ ಸೀಟಿನಲ್ಲಿ ಕೂತು ಪ್ರತಿ ತಿರುವಿನಲ್ಲೂ ಬಲಗಾಲನ್ನು ನೆಲಕ್ಕೆ ಒತ್ತುತ್ತಿದ್ದರು. ಧಾರವಾಡ–ಸವದತ್ತಿ ಬಸ್ಸು ಓಡಿಸಿ ನಿವೃತ್ತರಾದವರು. ಮುಂದೆ ರಸ್ತೆ ಕಂಡರೆ ಅವರ ಕಾಲು ತಾನಾಗಿಯೇ ಬ್ರೇಕು ಹುಡುಕುತ್ತದೆ. ಹಿಂದಿನ ಬೆಂಚಿನಲ್ಲಿ ಕೂತ ಮೈತ್ರೇಯಿ ಅಪ್ಪನ ಆ ಕಾಲನ್ನೇ ನೋಡುತ್ತಿದ್ದಳು. ಅವಳ ಕೈಚೀಲದಲ್ಲಿ ಅವ್ವನ ಬೆಳ್ಳಿಯ ಕರಡಿಗೆ ಇತ್ತು. ಅದರೊಳಗೆ ಅವ್ವ ಮದುವೆಗೆ ಮೊದಲಿನಿಂದ ಕೊರಳಲ್ಲಿ ಕಟ್ಟಿಕೊಂಡಿದ್ದ ಇಷ್ಟಲಿಂಗ.

ಅದು ಅಲ್ಲಿರಬಾರದಿತ್ತು. ಅದು ಅವ್ವನ ಎಡ ಅಂಗೈಯಲ್ಲಿ, ಮಣ್ಣಿನ ಒಳಗೆ ಇರಬೇಕಿತ್ತು.

ಫೆಬ್ರವರಿಯಲ್ಲಿ ಅವ್ವ ಹೋದಳು. ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಹೋಗಲು ಬಂದಿದ್ದ ಶಕುಂತಲಾ ಒಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಚಹಾ ಕೇಳಿ, ಚಹಾ ಬರುವುದರೊಳಗೆ ಸೋಫಾದ ಮೇಲೆ ಒರಗಿಬಿಟ್ಟಿದ್ದಳು. ಅಪ್ಪನಿಗೆ ಕಣ್ಣಿನ ಆಪರೇಷನ್ ಆಗಿತ್ತು, ವೀಸಾ ಹೊತ್ತಿಗೆ ಸರಿಯಾಗಿ ಸಿಗಲಿಲ್ಲ. ಮೈತ್ರೇಯಿಗೆ ಕೈಕಾಲು ಆಡಲಿಲ್ಲ. ಬರ್ಚ್‌ವುಡ್‌ನ ಆಫೀಸಿನಲ್ಲಿ ಅವಳ ಕೆಲಸವೇ ಹೂಳುವುದು. ಅಣುಸ್ಥಾವರದ ತ್ಯಾಜ್ಯವನ್ನು ಎಷ್ಟು ಆಳದಲ್ಲಿ, ಎಂಥ ಪೆಟ್ಟಿಗೆಯಲ್ಲಿ ಹೂತಿಟ್ಟರೆ ಸಾವಿರಾರು ವರ್ಷ ಅಲುಗದೆ ಇರುತ್ತದೆ ಎಂದು ಲೆಕ್ಕ ಹಾಕುವ ಎಂಜಿನಿಯರು ಅವಳು. ಅಂಥವಳಿಗೆ ಆ ವಾರ ಒಂದು ಫೋನು ಎತ್ತಲು ಆಗಲಿಲ್ಲ. "ನೀನು ಮಾವನ ಜೊತೆ ಮಾತಾಡ್ತಿರು, ಇಲ್ಲಿನ ಫೋನ್ ಕೆಲಸ ಎಲ್ಲಾ ನಾನು ನೋಡ್ಕೋತೀನಿ," ಎಂದು ಪ್ರಶಾಂತ್ ಹೇಳಿದಾಗ ಅವಳಿಗೆ ಅವನ ಮೇಲೆ ಪ್ರೀತಿ ಉಕ್ಕಿ ಬಂದಿತ್ತು. ಈಗ ನೆನೆದರೆ ಮೈ ಉರಿಯುತ್ತದೆ.

"ನಮ್ಮಲ್ಲಿ ಸುಡೋದಿಲ್ಲ ಪ್ರಶಾಂತ್, ಮಣ್ಣು ಮಾಡ್ತೀವಿ. ಕೂರಿಸಿ, ವಿಭೂತಿ ತುಂಬಿ, ಕೈಯಲ್ಲಿ ಲಿಂಗ ಇಟ್ಟು," ಎಂದು ಅವಳು ಹೇಳಿದ್ದಳು. ಹೇಳಬೇಕಾಗಿಯೇ ಇರಲಿಲ್ಲ. ಲಿಂಗಾಯತರ ಮನೆಯ ಹುಡುಗಿಯನ್ನು ಮದುವೆಯಾಗಿ ಹನ್ನೊಂದು ವರ್ಷ ಅವನು ಅದನ್ನೆಲ್ಲ ನೋಡಿದ್ದ, ಅವಳ ಅಜ್ಜನ ಮಣ್ಣಿಗೂ ಬಂದಿದ್ದ. ಪ್ರಶಾಂತ್ ಎರಡು ದಿನ ಫೋನು ಹಿಡಿದು ಓಡಾಡಿ, ಮುಖ ಬಾಡಿಸಿಕೊಂಡು ಬಂದು ಪಕ್ಕದಲ್ಲಿ ಕೂತಿದ್ದ. ಚರ್ಚಿನ ಜಾಗ ಚರ್ಚಿನವರಿಗೆ, ಊರಾಡಳಿತದ ಕೌನ್ಸಿಲ್ ಜಾಗ ಇಲ್ಲಿನವರಿಗೆ. ವಿಸಿಟರ್ ವೀಸಾದ ಮೇಲೆ ಬಂದವರಿಗೆ, ಅದರಲ್ಲೂ ಕೂರಿಸಿ ಹೂಳುವುದಕ್ಕೆ, ಇಲ್ಲವೇ ಇಲ್ಲವಂತೆ. ಕೇಳಿದೆ, ಬೇಡಿಕೊಂಡೆ, ಆಗಲಿಲ್ಲ ಎಂದ. ಅವಳು ನಂಬಿದಳು. ಅಪ್ಪನೂ ಫೋನಿನಲ್ಲಿ, "ಸರಕಾರದ ಕಾಯ್ದೆ ಇದ್ರ ಏನ್ ಮಾಡಾಕ ಬರ್ತೈತವ್ವಾ, ಬಿಡು," ಎಂದರು.

ಹಾಗೆ ಅವ್ವನನ್ನು ಸುಟ್ಟರು. ಪುರೋಹಿತರು ಬಂದರು, ಎಳ್ಳು ಬಂತು, ದರ್ಭೆ ಬಂತು, ಜೀವಮಾನದಲ್ಲಿ ಒಂದು ಪಿಂಡ ಕಾಣದ ಹೆಂಗಸಿನ ಹೆಸರಿನಲ್ಲಿ ಅನ್ನದ ಉಂಡೆ ಕಟ್ಟಿದರು. ಪೆಟ್ಟಿಗೆ ಮುಚ್ಚುವ ಮುಂಚೆ ಮೈತ್ರೇಯಿ ಅವ್ವನ ಕೊರಳಿಂದ ಕರಡಿಗೆ ಬಿಚ್ಚಿಕೊಂಡಳು. ಲಿಂಗವನ್ನು ಬೆಂಕಿಗೆ ಹಾಕಲು ಅವಳ ಕೈ ಬರಲಿಲ್ಲ. ಆಮೇಲೆ ಮನೆಯಲ್ಲಿ ಹದಿಮೂರು ದಿನ ದೀಪ ಹಚ್ಚಬೇಡ, ಸೂತಕ ಎಂದ ಪ್ರಶಾಂತ್. ಲಿಂಗ ಕಟ್ಟಿದವರಿಗೆ ಸೂತಕವೇ ಇಲ್ಲ ಎಂದು ಜೀವವಿರುವ ತನಕ ಹೇಳಿದ ಅವ್ವನ ಹೆಸರಿಗೇ ಸೂತಕ ಹಿಡಿದರು. ಮೈತ್ರೇಯಿ ಆಗಲೂ ಬಾಯಿ ಬಿಡಲಿಲ್ಲ. ಪಾಪ, ಅವನು ಮಗನ ಹಾಗೆ ನಿಂತು ಎಲ್ಲಾ ಮಾಡುತ್ತಿದ್ದಾನೆ ಎಂದುಕೊಂಡಳು.

ಇವತ್ತು ಮಧ್ಯಾಹ್ನ ಆ ಲಿಂಗವನ್ನೂ ಬೂದಿಯ ಜೊತೆ ನೀರಿಗೆ ಬಿಡಬೇಕು. ಇನ್ನೇನು ಮಾಡುವುದು, ಮಣ್ಣಂತೂ ಇಲ್ಲವಲ್ಲ ಎಂದು ಅಪ್ಪ-ಮಗಳು ಇಬ್ಬರೂ ಒಪ್ಪಿಕೊಂಡು ಹೊರಟಿದ್ದರು.

ರೆಪ್ಟನ್ನಿನ ಚರ್ಚಿನ ಮುಂದಿನ ರಸ್ತೆ ಕಾರಿಗೆ ಸರಿ, ಮೋಟರ್‌ಹೋಮಿಗೆ ಇಕ್ಕಟ್ಟು. ಪ್ರಶಾಂತ್ ಬೆವರಿ ಬೆವರಿ ಅದನ್ನು ಒಂದು ಗೋಡೆಯ ಪಕ್ಕ ತುರುಕಿದ. ಇಳಿದವನೇ ಗೆಲುವಾದ. ಇತಿಹಾಸ ಎಂದರೆ ಅವನಿಗೆ ಪ್ರಾಣ.

"ಮಾವ, ಈ ಭಾಗಕ್ಕೆಲ್ಲ ಹಿಂದೆ ಮರ್ಸಿಯಾ ಅಂತ ಒಂದು ರಾಜ್ಯ ಇತ್ತು. ಅದರ ರಾಜರನ್ನ ಈ ಚರ್ಚಿನ ಕೆಳಗೆ ಇಟ್ಟಿದ್ದು. ಆಮೇಲೆ ಈ ನೆಲಮನೆ ಜನಕ್ಕೆ ಮರೆತೇ ಹೋಗಿತ್ತು. ಯಾರೋ ಒಬ್ಬ ಕೂಲಿಯವನು ಮೇಲೆ ಗೋರಿ ತೋಡ್ತಾ ತೋಡ್ತಾ ದಡಕ್ಕಂತ ಒಳಗೇ ಬಿದ್ದನಂತೆ!"

ಅವನೊಬ್ಬನೇ ನಕ್ಕ. ಶ್ರಾವ್ಯ, "ಈಯೂ, ಕ್ರೀಪಿ," ಎಂದಳು.

ಚರ್ಚಿನೊಳಗಿಂದ ಕೆಳಕ್ಕೆ ಇಳಿಯುವ ಕಲ್ಲಿನ ಮೆಟ್ಟಿಲು ಕಿರಿದು, ನಡುವೆ ಸವೆದು ಗುಳಿ ಬಿದ್ದಿತ್ತು. ಬಸವಲಿಂಗಪ್ಪ ಮೇಲಿನ ಮೆಟ್ಟಿಲಲ್ಲೇ ನಿಂತು ಬೂಟು ಬಿಚ್ಚಿದರು. ಸಾಕ್ಸೂ ಬಿಚ್ಚಿದರು.

"ಮಾವ, ಚಳಿ ಇದೆ. ಇಲ್ಲಿ ಯಾರೂ ಬಿಚ್ಚಲ್ಲ," ಎಂದ ಪ್ರಶಾಂತ್.

"ಬಿಚ್ಚದವ್ರು ಬಿಡ್ಲಿ ಬಿಡ್ರೀಪಾ, ನಾ ಬಿಚ್ಚತೀನಿ," ಎಂದು ಬರಿಗಾಲಲ್ಲಿ ಇಳಿದರು.

ಕೆಳಗೆ ಒಂದು ಸಣ್ಣ ಕೋಣೆ. ಹಗ್ಗ ಸುತ್ತಿದ ಹಾಗೆ ಕೊರೆದ ನಾಲ್ಕು ಕಂಬಗಳು, ತಲೆಗೆ ತಾಗುವಂಥ ಕಮಾನು, ಗೋಡೆಯ ಕಿಂಡಿಯಿಂದ ಬರುವ ಇಷ್ಟು ಬೆಳಕು. ಬಸವಲಿಂಗಪ್ಪ ನಡುವೆ ನಿಂತು ಸುತ್ತ ನೋಡಿದರು. ಮಠದಲ್ಲಿ ಲಿಂಗೈಕ್ಯ ಸ್ವಾಮಿಗಳ ಸಮಾಧಿ ಗದ್ದಿಗೆಯ ಮುಂದೆ ನಿಂತಾಗ ಮಾಡುವಂತೆ ಒಂದು ಕಂಬಕ್ಕೆ ಹಣೆ ತಾಗಿಸಿದರು.

"ಇದು ಗದ್ದಗಿ ಅಲ್ಲೇನು ಮೈತ್ರಾ? ಮ್ಯಾಲ ಗುಡಿ, ಕೆಳಗ ಗದ್ದಗಿ. ನಮ್ಮ ಮಠದಾಗ ಇದ್ದಂಗ ಐತಿ."

"ಹೌದಪ್ಪಾ, ಹಂಗ ಐತಿ," ಎಂದಳು. ಅವಳಿಗೂ ಹಾಗೇ ಅನಿಸಿತ್ತು.

"ರಾಜರು ಈಗೂ ಇಲ್ಲೇ ಅದಾರೇನು?"

"ಇಲ್ಲ ಮಾವ, ಯಾವಾಗಲೋ ತೆಗೆದ್ರು. ಈಗ ಖಾಲಿ," ಎಂದ ಪ್ರಶಾಂತ್ ಕ್ಯಾಮೆರಾ ಸರಿಮಾಡಿಕೊಳ್ಳುತ್ತ.

"ಇರ್ಲಿ. ಮಣ್ಣಾಗ ಇಟ್ಟಿದ್ರಲ್ಲ, ಅಷ್ಟ ಸಾಕು." ಮತ್ತೆ ಅಳಿಯನ ಕಡೆ ತಿರುಗಿದರು. ಅಳಿಯನನ್ನು ಅವರು ಎಂದೂ ಏಕವಚನದಲ್ಲಿ ಕರೆದವರಲ್ಲ. "ಪ್ರಶಾಂತ್ ಅವರ, ಹಂಗಾರ ಈ ಮಂದೀನೂ ಮಣ್ಣ ಮಾಡವ್ರ ಹೌದಲ್ರೀ. ನಮಗ್ಯಾಕ ಅಷ್ಟು ಜಾಗಾ ಕೊಡ್ಲಿಲ್ಲ ಇವ್ರು?"

"ಅದು ಆ ಕಾಲ ಮಾವ. ಈಗ ರೂಲ್ಸ್ ಬೇರೆ," ಎಂದು ಪ್ರಶಾಂತ್ ಫೋಟೋ ತೆಗೆದ.

ಮೇಲೆ ಬಂದಾಗ ಒಬ್ಬ ಇಂಗ್ಲಿಷ್ ಮುದುಕಿ ಕಿಟಕಿಯ ಹತ್ತಿರ ಹೂ ಜೋಡಿಸುತ್ತಿದ್ದಳು. ಬರಿಗಾಲ ಬಸವಲಿಂಗಪ್ಪನವರನ್ನು ಕಂಡು ಅವಳ ಮುಖ ಅರಳಿತು. ಮಂಡಿ ನೋಯುವುದಿಲ್ಲವೇ, ಒಂದು ಕುರ್ಚಿ ತರಲೇ ಎಂದು ಕೇಳಿದಳು. ಬಸವಲಿಂಗಪ್ಪ ಸಾಕ್ಸು ಹಾಕಿಕೊಳ್ಳುತ್ತಲೇ ಮಗಳಿಗೆ ಹೇಳಿದರು, "ಆಕಿನ್ನ ಕೇಳವ್ವಾ. ಹೊರಗಿಂದ ಬಂದವ್ರಿಗೆ ಇಲ್ಲೆ ಯಾಕ ಮಣ್ಣ ಕೊಡಂಗಿಲ್ಲ ಅಂತ ಕೇಳು."

"ಮಾವ, ಅವ್ರಿಗೆ ಇದೆಲ್ಲಾ ಎಲ್ಲಿ ಗೊತ್ತಿರುತ್ತೆ? ದೋಣಿಗೆ ಲೇಟಾಗುತ್ತೆ, ಹೋಗೋಣ," ಎಂದ ಪ್ರಶಾಂತ್. ಮಾತು ಸ್ವಲ್ಪ ಬೇಗ ಬಂತು. ಹನ್ನೊಂದು ವರ್ಷ ಜೊತೆಯಲ್ಲಿ ಬಾಳಿದವಳಿಗೆ ಗಂಡನ ದನಿಯಲ್ಲಿ ಒಂದು ಎಳೆ ತಪ್ಪಿದರೂ ತಿಳಿಯುತ್ತದೆ. ಮೈತ್ರೇಯಿ ಅವನ ಮುಖ ನೋಡಿದಳು. ಆಮೇಲೆ ಮುದುಕಿಯನ್ನು ಕೇಳಿದಳು.

ಮುದುಕಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮತ್ತೊಮ್ಮೆ ಕೇಳಿಸಿಕೊಂಡು ಆಶ್ಚರ್ಯಪಟ್ಟಳು. ಯಾರು ಹಾಗೆ ಹೇಳಿದ್ದು? ತನ್ನ ಗಂಡ ಪೋಲೆಂಡಿನವನು, ಯುದ್ಧದ ಕಾಲದಲ್ಲಿ ಬಂದವನು, ಈ ಚರ್ಚಿಗೆ ಸೇರಿದವನೂ ಅಲ್ಲ. ಹೋದ ವರ್ಷ ಅವನನ್ನು ಕೌನ್ಸಿಲ್ಲಿನ ಸ್ಮಶಾನದಲ್ಲೇ ಮಣ್ಣು ಮಾಡಿದ್ದು. ಅವನ ಸಾಲಿನಲ್ಲೇ ಒಬ್ಬ ಚೀನಾದವನಿದ್ದಾನೆ, ಆಚೆಗೆ ಮುಸ್ಲಿಮರ ಗೋರಿಗಳಿವೆ. ಯಾವ ದೇಶ, ಯಾವ ದೇವರು ಎಂದು ಸತ್ತವರನ್ನು ಯಾರು ಕೇಳುತ್ತಾರೆ?

"ಒಬ್ಬೊಬ್ಬರ ಪದ್ಧತಿ ಒಂದೊಂದು ಥರ. ಕೆಲವಕ್ಕೆ ಸ್ವಲ್ಪ ದಿನ ಹಿಡಿಯುತ್ತದೆ," ಎಂದಳು. "ಆದರೆ ಕೇಳಿದರೆ ಕೊಡುತ್ತಾರೆ ಮಗೂ."

ಮೈತ್ರೇಯಿ ಥ್ಯಾಂಕ್ಸ್ ಹೇಳಿದಳು. ಎರಡು ಪೌಂಡು ತೆಗೆದು ಚರ್ಚಿನ ಡಬ್ಬಿಗೆ ಹಾಕಿದಳು. ಮಗಳ ಕೈಗೆ ಅಜ್ಜನ ಕೈ ಕೊಟ್ಟು, "ಅಜ್ಜನ್ನ ಗಾಡಿ ಹತ್ರ ಕರ್ಕೊಂಡು ಹೋಗು," ಎಂದಳು. ಆಮೇಲೆ ಗಂಡನನ್ನು ಹೊರಗೆ ಗೋರಿಗಳ ನಡುವೆ ಕರೆದುಕೊಂಡು ಹೋದಳು. ಬಸವಲಿಂಗಪ್ಪ ಎಲ್ಲೂ ಹೋಗಲಿಲ್ಲ. ಮೊಮ್ಮಗಳ ಕೈ ಹಿಡಿದುಕೊಂಡೇ ಹತ್ತು ಮಾರು ದೂರದಲ್ಲಿ ನಿಂತರು.

"ನೀನು ಕೌನ್ಸಿಲ್‌ಗೆ ಫೋನ್ ಮಾಡಿದ್ಯಾ, ಇಲ್ವಾ?"

"ಮಾಡಿದ್ದೆ ಮೈತ್ರಿ."

"ಏನಂದ್ರು?"

ಪ್ರಶಾಂತ್ ಗಾಡಿಯ ಕೀಲಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಜಾಗ ಇದೆ ಅಂದ್ರು."

"ಇದೆ ಅಂದ್ರು."

"ಮಲಗಿಸೋದಾದ್ರೆ ತೊಂದ್ರೆ ಇಲ್ಲ ಅಂದ್ರು. ಕೂರಿಸೋದಕ್ಕೆ ಗುಂಡಿ ಬೇರೆ ಥರ ತೋಡಬೇಕು, ನಮ್ಮವರನ್ನ ವಿಚಾರಿಸಿ ಹೇಳ್ತೀವಿ, ಸೋಮವಾರ ಫೋನ್ ಮಾಡಿ ಅಂದ್ರು."

"ಸೋಮವಾರ ಮಾಡಿದ್ಯಾ?"

"ಇಲ್ಲ."

ಅವಳಿಗೆ ಕೂಗಬೇಕೆನಿಸಿತು, ಕೂಗಲಿಲ್ಲ. "ಯಾಕೆ ಮಾಡಲಿಲ್ಲ?"

"ಮನಸ್ಸು ಬರಲಿಲ್ಲ ಕಣೇ." ಅವನ ಕಣ್ಣಲ್ಲಿ ನೀರು ಬಂತು. ಸುಳ್ಳು ಕಣ್ಣೀರಲ್ಲ, ಅದೂ ಅವಳಿಗೆ ಗೊತ್ತು. "ಅತ್ತೇನ ಆ ಚಳೀಲಿ, ಆ ಒದ್ದೆ ಮಣ್ಣಲ್ಲಿ, ಹುಳಹುಪ್ಪಟೆ ನಡುವೆ ಬಿಟ್ಟು ಬರೋದಾ? ನಮ್ಮಲ್ಲಿ ಹಸುಗೂಸುಗಳನ್ನ ಮಾತ್ರ ಹೂಳೋದು. ಸುಟ್ರೇನೇ ಗತಿ ಅಂತ ಕೇಳ್ಕೊಂಡೇ ಬೆಳೆದವನು ನಾನು. ಅವರಿಗೆ ಮೋಕ್ಷ ತಪ್ಪಿಹೋಗತ್ತೇನೋ ಅಂತ ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ. ನನ್ನ ಅಮ್ಮನಿಗೆ ಏನು ಮಾಡ್ತಿದ್ನೋ ಅದನ್ನೇ ಮಾಡ್ದೆ. ಅದು ತಪ್ಪಾ?"

"ಅವಳು ನಿನ್ನ ಅಮ್ಮ ಅಲ್ಲ. ನನ್ನ ಅವ್ವ."

"ಮೈತ್ರಿ—"

"ಅವಳು ಅರವತ್ತು ವರ್ಷ ಲಿಂಗ ಬಿಟ್ಟು ಒಂದು ತೊಟ್ಟು ನೀರು ಕುಡಿದವಳಲ್ಲ. ಅವಳ ಮೋಕ್ಷದ ಚಿಂತೆ ನಿಂಗೆ! ಅವಳು ನಿನ್ನ ಕೈಲಿ ಮೋಕ್ಷ ಕೇಳಿದ್ಲಾ? ಒಂದು ಗುಂಡಿ ಕೇಳಿದ್ಲು. ಒಂದು ಹಿಡಿ ಮಣ್ಣು ಕೇಳಿದ್ಲು. ನೀನು ಅಷ್ಟು ಜನರ ಮುಂದೆ ಎಳ್ಳುನೀರು ಬಿಟ್ಟು ಒಳ್ಳೆಯ ಅಳಿಯ ಅನ್ನಿಸ್ಕೊಂಡೆ. ನಾನು ಮೂರು ತಿಂಗಳು ಈ ದೇಶಾನ ಬೈದೆ. ಈ ದೇಶಾನ ಬೈದೆ ನಾನು, ಪ್ರಶಾಂತ್! ಹೆಣಕ್ಕೂ ವೀಸಾ ಕೇಳ್ತಾರೆ ಅಂತ ಆಫೀಸಲ್ಲೆಲ್ಲಾ ಹೇಳ್ಕೊಂಡು ಬಂದೆ. ನೀನು ಪಕ್ಕದಲ್ಲೇ ನಿಂತು ಕೇಳಿಸ್ಕೊಂಡೆ."

ಪ್ರಶಾಂತ್ ತಲೆ ತಗ್ಗಿಸಿದ. ಮೈತ್ರೇಯಿಗೆ ಇನ್ನೊಂದು ಮಾತು ಹೊಳೆಯಿತು.

"ನಾಳೆ ನಾನು ಸತ್ರೆ?"

"ಏನ್ ಮಾತು ಅಂತ ಆಡ್ತೀಯ!"

"ಹೇಳು. ನಾಳೆ ನಾನು ಸತ್ರೆ ಸೋಮವಾರ ಫೋನ್ ಮಾಡ್ತೀಯಾ?"

ಅವನು ಬಾಯಿ ತೆರೆದ. ಸರಿಯಾದ ಉತ್ತರ ಯಾವಾಗಲೂ ಸಿದ್ಧವಿರುವ ಆ ಬಾಯಿಂದ ಏನೂ ಬರಲಿಲ್ಲ. ಅವಳು ಕಾದಳು. ಒಂದು ಹೌದು ಬಂದಿದ್ದರೆ, ತಡವಾಗಿಯಾದರೂ ಬಂದಿದ್ದರೆ, ಅವತ್ತಿನ ಮುಂದಿನ ಕತೆ ಬೇರೆಯಾಗುತ್ತಿತ್ತೇನೋ.

ಅಷ್ಟರಲ್ಲಿ ಬಸವಲಿಂಗಪ್ಪ ಹತ್ತಿರ ಬಂದಿದ್ದರು. ಎಲ್ಲವೂ ಕೇಳಿಸಿತ್ತು. ಬಸ್ ಡ್ರೈವರನಾಗಿ ಬೈಗುಳದ ಭಂಡಾರವನ್ನೇ ಇಟ್ಟುಕೊಂಡಿದ್ದ ಮನುಷ್ಯ ಆವತ್ತು ಒಂದು ಬೈಗುಳವನ್ನೂ ಹೊರಗೆ ತೆಗೆಯಲಿಲ್ಲ.

"ಪ್ರಶಾಂತ್ ಅವರ," ಎಂದರು. "ನಮ್ಮ ಓಣ್ಯಾಗಿನ ಮಂದಿ ಎಲ್ಲಾ ಕೇಳಿದ್ರು, ಯಾಕ ಸುಟ್ರಿ ಬಸವಲಿಂಗಪ್ಪ ಅಂತ. ಆಕಿ ತವರಮನಿಯವ್ರು ಕೇಳಿದ್ರು. ಅಯ್ಯನೋರು ಕೇಳಿದ್ರು. ಅಲ್ಲಿ ಕಾಯ್ದೆ ಇಲ್ಲರೀ, ನನ್ನ ಅಳಿಯಂದಿರು ಬಾಳ ಬಡಿದಾಡಿದ್ರು ಅಂತ ಎಲ್ಲಾರಿಗೂ ಹೇಳ್ದೆ. ನಿಮ್ಮ ಹೆಸರ ಹೇಳಿ ಹೇಳ್ದೆ. ನಾ ಇಡೀ ಊರ ಮುಂದ ಸುಳ್ಳ ಹೇಳ್ದಂಗ ಆತಲ್ರೀ."

ಆ 'ರೀ' ಕಪಾಳಕ್ಕೆ ಹೊಡೆದಂತೆ ಪ್ರಶಾಂತನಿಗೆ ತಾಗಿತು. "ಮಾವ, ತಪ್ಪಾಯ್ತು," ಎಂದ.

ಮುದುಕ ಮೋಟರ್‌ಹೋಮಿನ ಕಡೆ ನಡೆದರು.

ಗಾಡಿಯ ಒಳಗೆ ಅವರು ಕಪಾಟಿನ ಲಾಕ್ ತೆಗೆದು, ಪುಳಿಯೋಗರೆ ಪೊಟ್ಟಣಗಳನ್ನು ಸರಿಸಿ, ಡಬ್ಬವನ್ನು ಹೊರಗೆ ತೆಗೆದರು. ಪಕ್ಕದಲ್ಲೇ ಒಂದು ಸ್ಯಾಂಡ್‌ವಿಚ್ ಬಾಕ್ಸಿನಲ್ಲಿ ದರ್ಭೆ, ಎಳ್ಳು. ಅದನ್ನು ಮುಟ್ಟಲಿಲ್ಲ. ಡಬ್ಬವನ್ನು ಮುಂದಿನ ಸೀಟಿಗೆ ತಂದು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡರು, ತಮ್ಮ ಸೀಟ್ ಬೆಲ್ಟನ್ನು ಅದರ ಮೇಲಿಂದಲೇ ಎಳೆದು ಹಾಕಿಕೊಂಡರು.

ಪ್ರಶಾಂತ್ ಬಾಗಿಲ ಹತ್ತಿರ ಬಂದು ನಿಂತ. ಮೊಬೈಲಿನಲ್ಲಿ ಆಗಷ್ಟೇ ಮಾತಾಡಿ ಮುಗಿಸಿದ್ದ. "ಪುರೋಹಿತರು ಮೈತ್ರಿ. ಲೆಸ್ಟರ್‌ನಿಂದ ಹೊರಟಿದ್ದಾರಂತೆ. ದೋಣಿಯವನಿಗೆ ಅಡ್ವಾನ್ಸ್ ಕೊಟ್ಟಾಗಿದೆ. ಆಗಿದ್ದು ಆಗಿಹೋಯ್ತು. ಸುಟ್ಟಾದ ಮೇಲೆ ಇನ್ನು ಮಣ್ಣಾದರೇನು, ನೀರಾದರೇನು? ಇವತ್ತು ಈ ಕೆಲಸ ಮುಗಿಸಿಬಿಡೋಣ. ಆಮೇಲೆ ನನ್ನ ಎಷ್ಟು ಬೇಕಾದ್ರೂ ಬೈ."

ಮುಗಿಸಿಬಿಡೋಣ. ಆ ಮಾತು ಕೇಳಿದ್ದೇ ಅವಳು ಅವನೆದುರು ಬಂದು ನಿಂತಳು.

"ಕೀಲಿ ಕೊಡು."

"ಇದನ್ನ ನೀನು ಯಾವತ್ತೂ ಓಡಿಸಿಲ್ಲ."

"ಇನ್ಶೂರೆನ್ಸಲ್ಲಿ ನನ್ನ ಹೆಸರಿದೆ. ಕೀಲಿ ಕೊಡು ಪ್ರಶಾಂತ್, ಇಲ್ಲಾಂದ್ರೆ ಈ ಹಳ್ಳಿ ರಾಜರೆಲ್ಲಾ ಎದ್ದು ಕೂರೋ ಹಾಗೆ ಕಿರುಚ್ತೀನಿ."

ಕೊಟ್ಟ. ಅವಳು ಡ್ರೈವರ್ ಸೀಟಿಗೆ ಹತ್ತಿದಳು. ಗಾಡಿ ಚಾಲೂ ಮಾಡುವ ಮುಂಚೆ ಕಿಟಕಿಯಿಂದ ಕೈ ಚಾಚಿದಳು. "ಫೋನನ್ನೂ ಕೊಡು. ಆ ನಂಬರ್ ಇದೆಯಾ?"

ಇತ್ತು. ಫೆಬ್ರವರಿಯಲ್ಲಿ ಹಾಕಿಟ್ಟುಕೊಂಡ ಸ್ಮಶಾನದ ಆಫೀಸಿನ ನಂಬರು ಅವನ ಮೊಬೈಲಿನಲ್ಲಿ ಹಾಗೇ ಇತ್ತು, ಪುರೋಹಿತರ ಹೆಸರಿನ ಎರಡು ಸಾಲು ಕೆಳಗೆ. ಅವನು ತಾನೇ ಒತ್ತಿ ಅವಳ ಕೈಗೆ ಕೊಟ್ಟು ಹಿಂದೆ ಹೋಗಿ ಶ್ರಾವ್ಯಳ ಪಕ್ಕ ಕೂತ. "ಆರ್ ವಿ ಸ್ಟಿಲ್ ಗೋಯಿಂಗ್ ಟು ಆಲ್ಟನ್ ಟವರ್ಸ್?" ಎಂದು ಶ್ರಾವ್ಯ ಸಣ್ಣ ದನಿಯಲ್ಲಿ ಕೇಳಿದಳು.

ಫೋನು ಎತ್ತಿದವನು ನಡುವಯಸ್ಸಿನ ದನಿಯ ಗಂಡಸು. ಏನೋ ತಿನ್ನುತ್ತಿದ್ದವನು ನುಂಗಿ, ಕ್ಷಮಿಸಿ ಎಂದ. ಮೈತ್ರೇಯಿ ಜಗಳಕ್ಕೇ ಸಿದ್ಧಳಾಗಿದ್ದಳು. ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದಳು: ನನ್ನ ತಾಯಿ, ಭಾರತದವಳು, ವಿಸಿಟರ್ ವೀಸಾದಲ್ಲಿದ್ದಳು, ನಮ್ಮ ಪದ್ಧತಿಯಲ್ಲಿ ಹೂಳಬೇಕಿತ್ತು, ಸುಟ್ಟಾಗಿದೆ, ಬೂದಿ ನನ್ನ ಹತ್ತಿರ ಇದೆ, ಅವಳ ದೇವರು ನನ್ನ ಹತ್ತಿರ ಇದ್ದಾನೆ, ಎರಡನ್ನೂ ಒಟ್ಟಿಗೆ ಮಣ್ಣಿನಲ್ಲಿ ಇಡಬೇಕು. ಆಗುತ್ತದೋ ಇಲ್ಲವೋ?

"ಆಗುತ್ತದೆ," ಎಂದ ಅವನು. "ಯಾವ ದಿನ ಬೇಕು ನಿಮಗೆ?"

ಅಷ್ಟೇ. ವೀಸಾ ಕೇಳಲಿಲ್ಲ, ಜಾತಿ ಕೇಳಲಿಲ್ಲ. ಅವಳ ಬಾಯಲ್ಲಿ ಸಿದ್ಧವಿದ್ದ ಜಗಳಕ್ಕೆ ಎದುರಾಳಿಯೇ ಇಲ್ಲದೆ ಹೋಯಿತು. ಬಾಗಿಲು ಮೊದಲಿನಿಂದಲೂ ತೆರೆದೇ ಇತ್ತು. ಯಾರೋ ಮುಚ್ಚಿದ್ದರೆ ತಡೆದುಕೊಳ್ಳಬಹುದಿತ್ತು. ಇದನ್ನು ಹೇಗೆ ತಡೆದುಕೊಳ್ಳುವುದು? ಅವಳು ಸ್ಟೀರಿಂಗಿಗೆ ಹಣೆ ಹಚ್ಚಿ ಬಿಕ್ಕಿದಳು. ಬಸವಲಿಂಗಪ್ಪ ಒಂದು ಕೈಯನ್ನು ಡಬ್ಬದ ಮೇಲೂ ಇನ್ನೊಂದನ್ನು ಮಗಳ ಬೆನ್ನ ಮೇಲೂ ಇಟ್ಟರು.

"ಏನಂತವ್ವಾ?"

"ಕೊಡ್ತಾರಂತಪ್ಪಾ."

ಮುದುಕ ಕಣ್ಣು ಮುಚ್ಚಿಕೊಂಡರು.

ಫೋನಿನವನು ಕಾಯುತ್ತಿದ್ದ. ಅವಳು ಮೂಗು ಒರೆಸಿಕೊಂಡು, ಬರುವ ಬುಧವಾರ ಎಂದಳು. ಅವನು ಇನ್ನೊಂದು ಪ್ರಶ್ನೆ ಕೇಳಿದ. ಜಾಗ ಒಬ್ಬರಿಗೆ ಮಾತ್ರ ಸಾಕೋ, ಇಬ್ಬರಿಗೆ ಆಗುವಷ್ಟು ಬೇಕೋ? ಮುಂದೆ ಮನೆಯವರು ಯಾರಾದರೂ ಜೊತೆಗೆ ಬರುವವರಿದ್ದರೆ ಈಗಲೇ ಹೇಳುವುದು ಒಳ್ಳೆಯದು.

ಮೈತ್ರೇಯಿ ಅಪ್ಪನಿಗೆ ಕನ್ನಡದಲ್ಲಿ ಹೇಳಿದಳು. ಬಸವಲಿಂಗಪ್ಪ ತಲೆ ಅಲ್ಲಾಡಿಸಿದರು. "ನನ್ನ ಮಣ್ಣ ಧಾರವಾಡದಾಗ ಐತವ್ವಾ. ಇಲ್ಲೆ ಆಕಿಗೆ ಒಂದ ಜಾಗಾ ಕೇಳು."

ಅವಳು ಫೋನನ್ನು ಮತ್ತೆ ಕಿವಿಗೆ ಹಿಡಿದಳು. ಆಮೇಲೆ ಫೋನಿಗೆ ಹೇಳಿದಳು, ಇಬ್ಬರಿಗೆ. ಎರಡನೆಯದು ನನಗೆ. ಹೂಳುವುದಕ್ಕೆ, ಸುಡುವುದಕ್ಕಲ್ಲ. ಕೂರಿಸಿ ಹೂಳಬೇಕು. ಅದನ್ನು ನಾನೇ ಬಂದು, ನನ್ನ ಕೈಯಾರೆ ಬರೆದು ಕೊಡುತ್ತೇನೆ.

ಬರೆದು ಕೊಡಿ, ವಿಚಾರಿಸಿ ಹೇಳುತ್ತೇನೆ, ಹಾಗೇ ಮಾಡಬಹುದು ಎಂದ ಅವನು.

ಅವಳು ಫೋನು ಇಟ್ಟಳು. ಗಾಡಿ ಚಾಲೂ ಆಯಿತು. ಹಿಂದಕ್ಕೆ ತೆಗೆಯದೆ ಹೊರಗೆ ಬರಲು ದಾರಿಯಿರಲಿಲ್ಲ, ಎಡಗಡೆ ಗೋಡೆ ಒಂದು ಗೇಣಿನಲ್ಲಿತ್ತು. ಬಸವಲಿಂಗಪ್ಪ ಪಕ್ಕದ ಕನ್ನಡಿಗೆ ಕಣ್ಣು ಕಿರಿದು ಮಾಡಿ, ಸವದತ್ತಿ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗುತ್ತಿದ್ದ ದನಿಯಲ್ಲಿ ಹೇಳತೊಡಗಿದರು, "ಬರ್ಲಿ... ಬರ್ಲಿ... ಬಲಕ್ಕ ಕಟ್ ಮಾಡು... ಬರ್ಲಿ ಹಿಂದ..."

ಗೋಡೆಗೆ ತಾಗದೆ ಗಾಡಿ ರಸ್ತೆಗೆ ಬಂತು. ಲೆಸ್ಟರಿನ ದಾರಿ ಎಡಕ್ಕೆ, ಸ್ಟಾಕ್‌ಪೋರ್ಟಿನ ದಾರಿ ಬಲಕ್ಕೆ. ಅವಳು ಬಲಕ್ಕೆ ತಿರುಗಿಸಿದಳು. ಹಿಂದಿನ ಬೆಂಚಿನಿಂದ ಪ್ರಶಾಂತನ ದನಿ ಬಂತು. ಇಷ್ಟು ವರ್ಷದಲ್ಲಿ ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದೇ ಇಲ್ಲ.

"ಇಬ್ಬರಿಗೆ ಅಂದ್ಯಲ್ಲ ಮೈತ್ರಿ. ನೀನು, ಅತ್ತೆ." ಸ್ವಲ್ಪ ತಡೆದು ಕೇಳಿದ, "ಮತ್ತೆ ನಾನು?"

ಮೈತ್ರೇಯಿ ಕನ್ನಡಿಯಲ್ಲಿ ಅವನನ್ನು ನೋಡಿದಳು. "ನಿಂಗೆ ಬೆಂಕಿ ಇದೆಯಲ್ಲ," ಎಂದಳು, ಮತ್ತೆ ಗೇರು ಬದಲಾಯಿಸಿದಳು.